ತಕ್ಕಡಿಗೆ ಬಾರದ ಕೂಸು

೧೯೮೩ರ ಬೇಸಿಗೆ. ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ನ್ಯಾಮತಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬರು ಅಂಗನವಾಡಿ ಟೀಚರು ಮತ್ತು ಅವರದೇ ಊರಿನ ಹಾಲಮ್ಮ ಕೂತಿದ್ದರು. ಹಾಲಮ್ಮನ ಮಡಿಲಲ್ಲಿ ಮೊಮ್ಮಗಳು ಮಲಗಿದ್ದಳು.

“ನಮ್ಮೂರ ಅಂಗನವಾಡಿ ಮಕ್ಳಿಗೆ ಬರೋ ಪೌಷ್ಟಿಕ ಹಿಟ್ಟು ನಿಲ್ಲಿಸ್ತಾರಂತೆ, ಹಾಲಮ್ಮಾರೆ.”

“ಯಾಕ್ರೀ ಟೀಚರ್?”

“ಹಿಟ್ಟು ತಿನ್ನೋ ಹುಡುಗ್ರದ್ದೂ ತಿನ್ನದೋರದ್ದೂ ತೂಕ ಒಂದೇ ಐತೆ. ಹಿಟ್ಟಿಂದ ಏನೂ ಉಪಯೋಗ ಇಲ್ಲ ಅಂತಾರೆ ಆಫೀಸಿನೋರು.”

“ಶುದ್ಧ ಸುಳ್ಳು! ತಿನ್ನದ ಕೂಸುಗಳು ಎಷ್ಟೋ ಕಡ್ಡಿಯಂಗೆ ಆಗ್ಯಾವೆ.”

“ಆ ಕಡ್ಡಿಗಳ್ನ ತೂಕಕ್ಕೆ ಯಾರು ತಂದೀರಿ? ಹಿಟ್ಟು ತಿನ್ನೋವು ದಿನಾ ಬರ್ತಾವೆ, ಎಲ್ಲಾನೂ ತೂಗ್ತೀನಿ. ಉಳಿದ ಮನೆಯೋರು ಗುಂಡಗಿರೋವ್ನ ಅಷ್ಟೇ ತರ್ತೀರಿ.”

“ಬಡಕಲು ಕೂಸು ತಂದ್ರೆ ಜನ ಆಡ್ಕೊಂತಾರ್ರೀ, ಸೊಸೆಗೆ ಸಾಕಾಕೆ ಬರಲ್ಲ ಅಂತ.”

“ಆಡ್ಕೊಳ್ಳಿ ಬಿಡ್ರಿ. ಅವು ಬರದಿದ್ರೆ ಹಿಟ್ಟು ಹೋಗ್ತೈತೆ. ಸೋಮವಾರ ಈ ಕೂಸು ತರ್ರಿ.”

ಹಾಲಮ್ಮ ಸೆರಗೆಳೆದು ಮಗುವಿನ ಬಡಕಲು ಕಾಲು ಮುಚ್ಚಿದರು. ಅಷ್ಟರಲ್ಲಿ ಬಸ್ಸು ಬಂತು. ಇಬ್ಬರೂ ಎದ್ದರು.

“ತರ್ತೀನಿ ಟೀಚರ್, ಯಾಕೆ ತರಲ್ಲ? ಇನ್ನೊಂದೀಟು ಮೈ ತುಂಬ್ಲಿ, ಆಮೇಲೆ ತರ್ತೀನಿ.”