ಮುನ್ನೂರ ಹನ್ನೆರಡು ಜೊತೆ

ನಮ್ಮ ಸರ್ ಅವರ ನುಡಿನಮನಕ್ಕೆ ಸೇರಿರುವ ಹಿರಿಯರಿಗೆ, ವೃತ್ತಿಯ ಗೆಳೆಯರಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಸರ್ ಅವರ ಪತ್ನಿ, ನಮ್ಮ ಅಕ್ಕನಿಗೆ, ಅವರ ಮಗಳಿಗೆ, ಸರ್ ಅವರ ತಮ್ಮನಿಗೆ — ಎಲ್ಲರಿಗೂ ನಮಸ್ಕಾರ. ಕೊನೆಯ ಸಾಲಿನಲ್ಲಿ ನಮ್ಮೂರಿನ ಮುಸ್ಲಿಂ ಸಂಘಟನೆಯ ಕಾರ್ಯದರ್ಶಿ ಸಾಹೇಬರು ಕುಳಿತಿದ್ದಾರೆ. ತಮಗೆ ಸಲಾಂ. ನೀವು ಬರುತ್ತೀರಿ ಎಂದು ನಾನು ಅಂದುಕೊಂಡಿರಲಿಲ್ಲ. ಬಂದದ್ದು ಒಳ್ಳೆಯದಾಯಿತು. ನಿಮಗೂ ಹೇಳಬೇಕಾದದ್ದು ಒಂದಿದೆ.

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಹತ್ತಾಗುತ್ತದೆ. ಈಗಲೇ ಹೇಳಿಬಿಟ್ಟರೆ ನೀವು ಗಡಿಯಾರ ನೋಡುವುದು ತಪ್ಪುತ್ತದೆ.

ನನಗಿಂತ ಮೊದಲು ಇಬ್ಬರು ಮಾತಾಡಿದರು. ಇಬ್ಬರೂ ಸರ್ ಬಗ್ಗೆ ಒಳ್ಳೆಯ ಮಾತನ್ನೇ ಆಡಿದರು. ಆದರೆ ಇಬ್ಬರೂ ಒಂದು ಕಡೆ ತಡವರಿಸಿದರು. “ಒಂದೆರಡು ಏರುಪೇರು ಯಾರ ಕೆಲಸದಲ್ಲಿ ಇರಲ್ಲ” ಎಂದರು ಒಬ್ಬರು. “ಆ ಒಂದು ಪ್ರಕರಣ ಬಿಟ್ಟರೆ” ಎಂದರು ಇನ್ನೊಬ್ಬರು. ಯಾವ ಪ್ರಕರಣ ಎಂದು ಹೇಳಲಿಲ್ಲ. ಹೇಳದಿದ್ದರೂ ಇಲ್ಲಿ ಅರ್ಧ ಜನ ತಲೆ ತಗ್ಗಿಸಿದಿರಿ. ನಾನು ನೋಡಿದೆ.

ನಾನು ಬಂದಿರುವುದು ಆ ಒಂದು ಪ್ರಕರಣದ ಬಗ್ಗೆ ಮಾತಾಡಲು.

ಅದಕ್ಕೆ ಮೊದಲು — ಸರ್ ಏನು ಕೆಲಸ ಮಾಡುತ್ತಿದ್ದರು ಎಂದು ಸರಿಯಾಗಿ ಹೇಳಬೇಕು. ಇಪ್ಪತ್ತಾರು ವರ್ಷ ಅವರು ಫ್ರೀಲಾನ್ಸ್ ವರದಿಗಾರರಾಗಿದ್ದರು. ಯಾವ ಪತ್ರಿಕೆಯ ಗುರುತಿನ ಚೀಟಿಯೂ ಅವರ ಕುತ್ತಿಗೆಯಲ್ಲಿರಲಿಲ್ಲ. ಮುಸ್ಲಿಂ ಸಂಘಟನೆಗಳು, ಅವುಗಳ ಒಳಗಿನ ಚುನಾವಣೆ, ಬಣಗಳು, ಯಾವ ಪಕ್ಷದ ಜೊತೆ ಯಾರು ಮಾತಾಡುತ್ತಿದ್ದಾರೆ ಎನ್ನುವುದು — ಇದು ಅವರ ವಿಷಯ. ಎಲ್ಲೋ ಗಲಾಟೆಯಾದರೆ ಪತ್ರಿಕೆಗಳಿಂದ ಒಂದೇ ದಿನ ಹತ್ತು ಫೋನ್. ಸಂಘಟನೆಯ ಮಹಿಳಾ ವಿಭಾಗದವರು ಆಡಳಿತ ಸಮಿತಿಯಲ್ಲಿ ಎರಡು ಸ್ಥಾನ ಕೇಳಿ ಏಳು ತಿಂಗಳು ಹೋರಾಡಿ ಗೆದ್ದಾಗ ಒಂದು ಫೋನೂ ಇಲ್ಲ. ಸರ್ ಆ ಏಳು ತಿಂಗಳೂ ಹೋಗಿ ಬಂದರು. ಬರೆದರು. ಅದು ಆರನೇ ಪುಟದಲ್ಲಿ, ಟೈರಿನ ಜಾಹೀರಾತಿನ ಕೆಳಗೆ ಬಂತು.

ಅವರ ಕೆಲಸದ ಕೋಣೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಮೆಟ್ಟಿಲ ಕೆಳಗಿನದು. ಬಾಗಿಲು ಪೂರ್ತಿ ತೆರೆಯಬೇಕಾದರೆ ಕುರ್ಚಿಯಿಂದ ಏಳಬೇಕು. ಗೋಡೆಗೆ ಹಲಗೆ ಹೊಡೆದು ಫೈಲು ಜೋಡಿಸಿದ್ದರು. ಪ್ರತಿ ಸಂಘಟನೆಗೆ ಎರಡು ಫೈಲು — ಒಂದರ ಮೇಲೆ ‘ಹೇಳಿದ್ದು’, ಇನ್ನೊಂದರ ಮೇಲೆ ‘ಮಾಡಿದ್ದು’. ಪಕ್ಷಗಳಿಗೂ ಹಾಗೇ. ‘ಹೇಳಿದ್ದು’ ಫೈಲುಗಳಿಗೆ ದಾರ ಸಾಲುತ್ತಿರಲಿಲ್ಲ. ‘ಮಾಡಿದ್ದು’ ಎಲ್ಲರದ್ದೂ ಸಣಕಲು. ಆ ವಿಷಯದಲ್ಲಿ ಮಾತ್ರ ಎಲ್ಲ ಧರ್ಮದವರೂ ಒಂದೇ ಎಂದು ನಗುತ್ತಿದ್ದರು.

ಸಂಘಟನೆಯವರು ಅವರನ್ನು ಪೊಲೀಸರ ಕಡೆಯವರು ಎನ್ನುತ್ತಿದ್ದರು. ಪೊಲೀಸರು ಸಂಘಟನೆಯ ಕಡೆಯವರು ಎನ್ನುತ್ತಿದ್ದರು. ಅಕ್ಕನ ಮಾತೇ ಬೇರೆ — “ಇವರು ಯಾರ ಕಡೆಯವರೋ ನಂಗೊತ್ತಿಲ್ಲಪ್ಪ, ಮನೆ ಕಡೆಯವರಂತೂ ಅಲ್ಲ.”

ಇನ್ನೊಂದು ಅಭ್ಯಾಸ. ವರದಿಯಲ್ಲಿ ಯಾರ ಮಾತು ಬಂದರೂ, ಕಳಿಸುವ ಮೊದಲು ಅವರಿಗೆ ಫೋನ್ ಮಾಡಿ ಆ ಸಾಲನ್ನು ಓದಿ ಹೇಳುತ್ತಿದ್ದರು. “ಓದ್ಲಾ?” ಎಂದೇ ಮಾತು ಶುರು. ಮಂತ್ರಿಗೂ ಓದ್ಲಾ, ಮಸೀದಿಯ ಕಾವಲುಗಾರನಿಗೂ ಓದ್ಲಾ. ಅದಕ್ಕೇ ಅರ್ಧ ಊರಿಗೆ ಅವರು ‘ಓದ್ಲಾ ಸರ್’. ಪತ್ರಿಕೆಯವರಿಗೆ ತಲೆನೋವು. “ಪುಟ ಕಾಯ್ತಿದೆ ಸ್ವಾಮಿ, ನೀವು ಪಾರಾಯಣ ಮಾಡ್ತಾ ಕೂತಿದ್ದೀರಲ್ಲ” ಎನ್ನುತ್ತಿದ್ದರು. ಹೇಳಿದವನು ‘ನಾನು ಹೀಗೆ ಅಂದಿಲ್ಲ’ ಎಂದರೆ ಸರ್ ತಮ್ಮ ಟಿಪ್ಪಣಿ ಪುಸ್ತಕ ತೆರೆದು ದಿನ, ಹೊತ್ತು, ಜಾಗ ಹೇಳುತ್ತಿದ್ದರು. ಆಗ ಆ ಕಡೆಯವರು ‘ಸರಿ, ಹಾಕ್ಕೊಳ್ಳಿ’ ಎನ್ನುತ್ತಿದ್ದರು.

ನಾನು ಅವರಿಗೆ ಸಿಕ್ಕಿದ್ದು ಜೆರಾಕ್ಸ್ ಅಂಗಡಿಯಲ್ಲಿ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಅಲ್ಲಿ ಕೆಲಸಕ್ಕಿದ್ದವನು ನಾನು. ಸಂಘಟನೆ ಎರಡು ಬಣವಾದ ವರ್ಷ ಅದು. ಅವರು ಕರಪತ್ರ ಹಿಡಿದು ಬಂದಾಗ ನಾನು ಹೇಳಿದೆ, “ಸರ್, ಇದರ ಎದುರು ಪಾರ್ಟಿದೂ ಇಲ್ಲೇ ಪ್ರಿಂಟಾಗೋದು. ಇವರು ಬೆಳಿಗ್ಗೆ ಬರ್ತಾರೆ, ಅವರು ಮಧ್ಯಾಹ್ನ. ಕಾಗುಣಿತದ ತಪ್ಪು ಮಾತ್ರ ಇಬ್ಬರದ್ದೂ ಒಂದೇ.” ಮರುವಾರದಿಂದ ನಾನು ಅವರ ಜೊತೆ ಓಡಾಡತೊಡಗಿದೆ.

ಈಗ ಆ ಪ್ರಕರಣ.

ನಾಲ್ಕು ವರ್ಷದ ಹಿಂದೆ, ಚುನಾವಣೆಗೆ ಮೊದಲು, ಒಂದು ಮಂಗಳವಾರ ಮಧ್ಯಾಹ್ನ ಸಂಘಟನೆಯ ಸಭೆ. ಒಂದು ಪಕ್ಷಕ್ಕೆ ಬಹಿರಂಗ ಬೆಂಬಲ ಕೊಡಬೇಕೇ ಬೇಡವೇ ಎನ್ನುವುದು ಚರ್ಚೆ. ವರದಿಗಾರರಿಗೆ ಪ್ರವೇಶವಿಲ್ಲ. ಅದೇ ಕಟ್ಟಡದಲ್ಲಿ ಕೆಳಗೆ ಪ್ರಾರ್ಥನೆಯ ಹಾಲ್, ಮೇಲೆ ಸಂಘಟನೆಯ ಕಚೇರಿ. ಜನ ಓಡಾಡುವ ಬಾಗಿಲು ಒಂದೇ. ಎಲ್ಲರೂ ಚಪ್ಪಲಿ ಅಲ್ಲೇ ಬಿಡಬೇಕು. ಒಳಗೆ ಬಿಡದ ಸಭೆಗೆ ಎಷ್ಟು ಜನ ಬಂದರು ಎಂದು ತಿಳಿಯಲು ನಾವು ಮಾಡುತ್ತಿದ್ದದ್ದು ಇಷ್ಟೇ — ಚಪ್ಪಲಿ ಎಣಿಸುವುದು. ನಗಬೇಡಿ, ಇಲ್ಲಿರುವ ಫ್ರೀಲಾನ್ಸಿನವರೆಲ್ಲ ಎಣಿಸಿದ್ದೀರಿ.

ಆ ದಿನ ಸರ್ ಊರಲ್ಲಿರಲಿಲ್ಲ. ಬೇರೆ ಊರಿನ ಕೋರ್ಟಿನಲ್ಲಿದ್ದರು. ಹೊರಡುವಾಗ ನನಗೆ ಹೇಳಿದ್ದರು, “ಎಣಿಸು. ಆಮೇಲೆ ಹೊರಗೆ ಬರೋರಲ್ಲಿ ಮೂರು ಜನರನ್ನಾದ್ರೂ ಕೇಳು, ಯಾಕೆ ಬಂದಿದ್ರಿ ಅಂತ.”

ನಾನು ಎಣಿಸಿದೆ. ಮುನ್ನೂರ ಹನ್ನೆರಡು ಜೊತೆ. ಎರಡು ಸಲ ಎಣಿಸಿದೆ. ಬಾಗಿಲಲ್ಲಿ ಬಗ್ಗಿ ಚಪ್ಪಲಿ ಕಳಚುತ್ತಿದ್ದ ಒಬ್ಬರ ಫೋಟೋ ತೆಗೆದೆ. ಯಾರನ್ನೂ ಕೇಳಲಿಲ್ಲ.

ಯಾಕೆ ಕೇಳಲಿಲ್ಲ? ‘ನೀವು ಯಾರು?’ ಎಂದು ಅವರು ತಿರುಗಿ ಕೇಳಿದರೆ ‘ವರದಿಗಾರ’ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಅಷ್ಟೇ. ದೊಡ್ಡ ಕಾರಣ ಏನೂ ಇಲ್ಲ.

ಸಂಜೆ ಸರ್ ಫೋನ್ ಮಾಡಿದರು. “ಎಷ್ಟು?” “ಮುನ್ನೂರ ಹನ್ನೆರಡು ಸರ್.” “ಅಷ್ಟೊಂದಾ? ಮೂರು ಜನರನ್ನ ಕೇಳಿದ್ಯಾ?”

“ಕೇಳ್ದೆ ಸರ್” ಎಂದೆ.

— ಈ ಎರಡು ಪದ ನನ್ನವು. ಇಲ್ಲಿ ನೀವು ತಲೆ ತಗ್ಗಿಸಿದ್ದು ಈ ಎರಡು ಪದಕ್ಕೆ. ಸರ್ ಅವರ ಕೆಲಸಕ್ಕಲ್ಲ.

ಪುಟ ಕಾಯುತ್ತಿದ್ದ ಹೊತ್ತು, ಆ ಮೂವರು ಏನಂದರು ಎಂದು ಕೇಳದೆ ಸರ್ ನನ್ನನ್ನು ನಂಬಿ ಬರೆದರು. ಮರುದಿನ ಪತ್ರಿಕೆಯಲ್ಲಿ ‘ಮುನ್ನೂರಕ್ಕೂ ಹೆಚ್ಚು ಜನರ ಸಭೆ: ಪಕ್ಷಕ್ಕೆ ಬೆಂಬಲದ ಸುಳಿವು’ ಎಂದು ಬಂತು. ಕೆಳಗೆ ಸರ್ ಹೆಸರು. ಪಕ್ಕದಲ್ಲಿ ನಾನು ತೆಗೆದ ಫೋಟೋ. ಶೀರ್ಷಿಕೆ ನಾನು ಕೊಟ್ಟದ್ದಲ್ಲ, ಆದರೆ ಸಂಖ್ಯೆ ನನ್ನದು.

ಮೇಲಿನ ಸಭೆಯಲ್ಲಿ ಇದ್ದವರು ಹತ್ತೊಂಬತ್ತು ಜನ. ಉಳಿದವರೆಲ್ಲ ಬಂದಿದ್ದು ಕೆಳಗೆ — ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬ ಹಿರಿಯರು ತೀರಿಕೊಂಡಿದ್ದರು, ಅವರ ಜನಾಜಾ ನಮಾಜಿಗೆ. ಮೃತದೇಹವನ್ನು ಹಿಂದಿನ ಗೇಟಿನಿಂದ ಒಳಗೆ ತಂದಿದ್ದರು. ನಾನು ಮುಂದಿನ ಬಾಗಿಲಲ್ಲಿ ನಿಂತು ಚಪ್ಪಲಿ ನೋಡುತ್ತಿದ್ದೆ.

ಫೋಟೋದಲ್ಲಿದ್ದವರು ಆ ಹಿರಿಯರ ಅಳಿಯ. ಶಾಲೆಯ ವ್ಯಾನ್ ಓಡಿಸುತ್ತಿದ್ದವರು. ಪತ್ರಿಕೆ ನೋಡಿದ ಶಾಲೆಯವರು, ರಾಜಕೀಯ ಮಾಡುವವರ ಕೈಗೆ ಮಕ್ಕಳನ್ನು ಕೊಡುವುದಿಲ್ಲ, ನಾಳೆಯಿಂದ ಬರಬೇಡಿ ಎಂದರು. ಇತ್ತ ಸಂಘಟನೆಯವರು ಹೆಣದ ಮುಂದೆ ರಾಜಕೀಯದ ಸಭೆ ಮಾಡಿದರು ಎಂದು ಅವರ ಜನರೇ ಬೈದರು.

ಸರ್ ಊರಿಗೆ ಬಂದವರು ಸೀದಾ ಜೆರಾಕ್ಸ್ ಅಂಗಡಿಗೆ ಬಂದರು. “ಕೇಳಿದ್ಯಾ ಅಂದಾಗ ಏನಂದೆ?”

“ಕೇಳ್ದೆ ಅಂದೆ.”

“ಕೇಳಿದ್ಯಾ?”

“ಇಲ್ಲ ಸರ್.”

ಬೈಯಲಿಲ್ಲ. ಕಾಗದದ ಕಟ್ಟಿನ ಮೇಲೆ ಕುಳಿತರು. ಆಮೇಲೆ ಹೇಳಿದರು — “ಎಷ್ಟು ಅನ್ನೋದು ಚಪ್ಪಲಿ ಹೇಳುತ್ತೆ ಕಣೋ. ಯಾಕೆ ಅನ್ನೋದು ಹೇಳಲ್ಲ.”

ಅಲ್ಲಿಂದ ಡ್ರೈವರ್ ಮನೆಗೆ ಹೋದೆವು. ಒಳಗೆ ಹೆಂಗಸರು ಇನ್ನೂ ಅಳುತ್ತಿದ್ದರು. ಡ್ರೈವರ್ ಅಣ್ಣ ಪತ್ರಿಕೆ ಮಡಿಸಿ ಕೈಯಲ್ಲಿ ಹಿಡಿದಿದ್ದರು. “ನಮ್ಮ ಮಾವನ ಮಣ್ಣಿಗೆ ಬಂದವನು ನಾನು. ಮೀಟಿಂಗಿಗೆ ಬಂದವನು ಅಂತ ಬರೆದಿದ್ದೀರಲ್ಲ ಸರ್. ಬರೆದವರು ಯಾರು?” ಎಂದರು.

ನಾನು ಬಾಯಿ ತೆರೆದೆ. ಸರ್ ನನ್ನ ಮಂಡಿಯ ಮೇಲೆ ಕೈಯಿಟ್ಟರು. “ನಾನು” ಎಂದರು.

ಹೊರಗೆ ಬಂದ ಮೇಲೆ ಜಗಳ ಮಾಡಿದೆ. ನಾನೇ ಹೇಳುತ್ತೇನೆ ಎಂದೆ. “ಹೆಸರು ನಂದು ಹಾಕಿದ್ದಾರೆ, ತಪ್ಪೂ ನಂದೇ. ನಿನ್ನನ್ನ ನಂಬಿದ್ದು ನಾನಲ್ವಾ? ಕೆಡೋದಕ್ಕೆ ನಿಂಗಿನ್ನೂ ಹೆಸರೇ ಇಲ್ಲ. ಮೊದಲು ಒಂದು ಮಾಡ್ಕೋ” ಎಂದರು. ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡರು.

ಕೊಟ್ಟೆ. ಅವರು ಬೇಡ ಎಂದದ್ದು ನಿಜ. ಬೇಡ ಎಂದದ್ದು ನನಗೆ ಅನುಕೂಲವಾಯಿತು ಎನ್ನುವುದೂ ನಿಜ.

ಎಂಟನೇ ದಿನ ಪತ್ರಿಕೆ ಒಳಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿತು. ಎರಡು ಪತ್ರಿಕೆಗಳು ಅವರ ವರದಿ ತೆಗೆದುಕೊಳ್ಳುವುದನ್ನು ನಿಲ್ಲಿಸಿದವು. ಸಂಘಟನೆ ನಿರ್ಣಯ ಮಾಡಿತು — ಈ ಸುಳ್ಳು ವರದಿಗಾರನ ಜೊತೆ ಯಾವ ಸದಸ್ಯನೂ ಮಾತಾಡಬಾರದು ಎಂದು. ಅದಾದ ಮೇಲೂ ಸರ್ ಫೋನ್ ಮಾಡಿ “ಓದ್ಲಾ?” ಎನ್ನುತ್ತಿದ್ದರು. ಆ ಕಡೆಯಿಂದ ಕಟ್ ಮಾಡುತ್ತಿದ್ದರು. ಹಾಗೆ ಕಟ್ ಮಾಡಿದ್ದನ್ನೂ ದಿನಾಂಕ ಹಾಕಿ ಬರೆದಿಡುತ್ತಿದ್ದರು.

ಆ ಶಾಲೆಗೆ ಹನ್ನೊಂದು ಸಲ ಹೋದರು. ಹನ್ನೊಂದನೇ ಸಲ ಮ್ಯಾನೇಜರು, “ನಿಮ್ಮ ಕಾಟ ನನ್ನ ಕೈಲಿ ತಡೆಯೋಕಾಗಲ್ಲ. ಇನ್ನೊಂದು ಸ್ಕೂಲಿನವರಿಗೆ ನಾನೇ ಹೇಳ್ತೀನಿ, ಕರ್ಕೊಂಡು ಹೋಗಿ ಅವರನ್ನ” ಎಂದರು. ಡ್ರೈವರ್ ಅಣ್ಣನಿಗೆ ಅಲ್ಲಿ ಕೆಲಸ ಸಿಕ್ಕಿತು. ಐದು ತಿಂಗಳು ಮನೆಯಲ್ಲಿ ಕುಳಿತ ಮೇಲೆ.

ಇನ್ನು — ತಂಗಿ, ನಿನಗೆ ಹೇಳಬೇಕು. ಆಗ ನೀನು ಕಾಲೇಜಿನಲ್ಲಿದ್ದೆ. ಯಾರೋ ನಿನ್ನ ಮುಂದೆ ಆ ಪತ್ರಿಕೆ ಹಿಡಿದು ಆಡಿಕೊಂಡಿದ್ದರು. ಮೆಟ್ಟಿಲ ಕೆಳಗಿನ ಕೋಣೆಗೆ ಬಂದು ನೀನು ಕೇಳಿದೆ, “ಅಪ್ಪಾ, ನೀನು ಹೋಗೇ ಇಲ್ಲದ ಜಾಗದ ಬಗ್ಗೆ ಹೇಗಪ್ಪಾ ಬರೆದೆ?” ಅವರು “ತಪ್ಪಾಯ್ತಮ್ಮ” ಎಂದರು. ನೀನು ಅವರ ಜೊತೆ ಎಷ್ಟೋ ದಿನ ಮಾತಾಡಲಿಲ್ಲ. ನಾನು ಆಗ ಅದೇ ಕೋಣೆಯಲ್ಲಿದ್ದೆ. ನಿಮ್ಮಿಬ್ಬರಿಗೂ ಬೆನ್ನು ಮಾಡಿ ಫೈಲು ನೋಡುತ್ತಿದ್ದೆ. ಯಾವ ಫೈಲು ಎಂದು ಈಗ ಕೇಳಿದರೆ ಗೊತ್ತಿಲ್ಲ.

ಹನ್ನೆರಡು ದಿನದ ಹಿಂದೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಸರ್ ಅವರ ಹೃದಯ ನಿಂತಿತು. ಅವರಿಗೆ ಕೊಟ್ಟ ಮಾತನ್ನು ನಾನು ಮುರಿಯುತ್ತಿದ್ದೇನೆ. ಈಗ ನನಗೆ ಸಣ್ಣದೊಂದು ಹೆಸರಿದೆ. ಕೆಡಬಹುದು.

ಅವರ ಪದ್ಧತಿಯಂತೆ ಈ ಮಾತುಗಳನ್ನು ಮೊನ್ನೆ ಅಕ್ಕನಿಗೆ ಓದಿ ಹೇಳಿದೆ. ಅಕ್ಕ ಕೊನೆಯವರೆಗೂ ಕೇಳಿದರು. ಒಂದೇ ಪ್ರಶ್ನೆ — “ಆ ಡ್ರೈವರಿಗೆ ಗೊತ್ತೇನಪ್ಪಾ?” ಇಲ್ಲ ಎಂದೆ. “ಹಾಗಾದ್ರೆ ನಂಗೆ ಓದಿದ್ರೆ ಏನು ಬಂತು?” ಎಂದರು.

ನಿನ್ನೆ ಡ್ರೈವರ್ ಮನೆಗೆ ಎರಡು ಸಲ ಹೋದೆ. ಟ್ರಿಪ್ಪಿಗೆ ಹೋಗಿದ್ದರು, ಸಿಗಲಿಲ್ಲ. ಮೂರನೇ ಸಲ ಹೋಗಲಿಲ್ಲ. ಸರ್ ಆಗಿದ್ದರೆ ಹೋಗುತ್ತಿದ್ದರು.

ಅವರು ಇಲ್ಲೇ ಇದ್ದಾರೆ. ಮೂರನೇ ಸಾಲಿನಲ್ಲಿ. ನನ್ನ ಬಾಯಿಂದ ಇದನ್ನು ಅವರು ಮೊದಲ ಸಲ ಕೇಳುತ್ತಿದ್ದಾರೆ. ಅಣ್ಣ, ಎಣಿಸಿದವನು ನಾನು. ಫೋಟೋ ತೆಗೆದವನು ನಾನು. ಕೇಳಿದೆ ಎಂದು ಸುಳ್ಳು ಹೇಳಿದವನೂ ನಾನು. ನಿಮ್ಮ ಮನೆಯಲ್ಲಿ ಕುಳಿತು ಸುಮ್ಮನಿದ್ದವನು ನಾನು. ನಿಮಗೆ ಎದ್ದು ಹೋಗಬೇಕು ಅನಿಸಿದರೆ ಹೋಗಿ. ನಾನು ಕಾಯುತ್ತೇನೆ.

—

ಸರಿ. ಕುಳಿತಿದ್ದೀರಿ. ಆಮೇಲೆ ನೀವು ಏನು ಹೇಳಿದರೂ ಕೇಳುತ್ತೇನೆ.

ಕಾರ್ಯದರ್ಶಿ ಸಾಹೇಬರೇ, ಕ್ಷಮಿಸಿ ಎಂದು ಕೇಳಲು ನಾನು ಬಂದಿಲ್ಲ. ನಿಮ್ಮ ನಿರ್ಣಯದ ಪುಸ್ತಕದಲ್ಲಿ ಒಬ್ಬರ ಹೆಸರು ತಪ್ಪಾಗಿದೆ. ಅದನ್ನು ಹೊಡೆದುಹಾಕಿ ನನ್ನ ಹೆಸರು ಬರೆಯಿರಿ. ಬರೆದ ಮೇಲೆ ನನಗೆ ಒಂದು ಫೋನ್ ಮಾಡಿ ಓದಿ ಹೇಳಿ. ಸರಿಯಿದೆಯೇ ಎಂದು ನೋಡುತ್ತೇನೆ.

ಕೊನೆಯ ಮಾತು. ಒಳಗೆ ಬರುವ ಮುಂಚೆ ಈ ಹಾಲಿನ ಬಾಗಿಲಲ್ಲಿದ್ದ ಚಪ್ಪಲಿ ಎಣಿಸಿದೆ. ಎಂಬತ್ತೇಳು ಜೊತೆ. ಈ ಸಲ ಮೂರು ಜನರನ್ನು ಕೇಳಿದೆ, ಯಾಕೆ ಬಂದಿರಿ ಎಂದು. ಸಂಘಟನೆಯ ಮಹಿಳಾ ವಿಭಾಗದಲ್ಲಿದ್ದ ಒಬ್ಬ ಅಮ್ಮ ಹೇಳಿದರು, “ನಾನಾಡಿದ ಮಾತನ್ನ ನಂಗೇ ಓದಿ, ಸರಿಯಾಮ್ಮಾ ಅಂತ ಕೇಳಿದ್ರಪ್ಪ. ನಮ್ಮ ಮನೇಲೇ ಯಾರೂ ಕೇಳಲ್ಲ.” ಪಕ್ಷದ ಒಬ್ಬ ಹಳೆಯ ಕಾರ್ಯಕರ್ತರು, “ಅವರ ಹತ್ರ ಒಂದು ಜಗಳ ಅರ್ಧಕ್ಕೆ ನಿಂತಿತ್ತು. ಅದಕ್ಕೇ ಬಂದೆ” ಎಂದರು. ಮೂರನೆಯವರು, “ಪಕ್ಕದ ಆಫೀಸಿಗೆ ಬಂದಿದ್ದೆ. ಜನ ಕಾಣಿಸಿದ್ರು, ಒಳಗೆ ಬಂದೆ. ಯಾರು ತೀರ್ಕೊಂಡಿದ್ದು?” ಎಂದರು.

ಆದ್ದರಿಂದ ನಾಳೆ ಯಾರಾದರೂ ಬರೆಯುವುದಾದರೆ ಎಂಬತ್ತಾರು ಎಂದು ಬರೆಯಿರಿ.

ಈಗ ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಎರಡು ನಿಮಿಷ ಮಾತು ಬೇಡ, ಫೋನು ಬೇಡ. ಸುಮ್ಮನೆ ಒಳಗೆ ಬಂದ ಆ ಹಿರಿಯರೂ ನಿಲ್ಲಬಹುದು — ತೀರಿಕೊಂಡವರು ಯಾರೆಂದು ಈಗ ನಿಮಗೂ ಗೊತ್ತು.