ತಲೆಭಾರ, ಇಪ್ಪತ್ತಕ್ಕೆ ಎಷ್ಟು?

ಒಂದಾನೊಂದು ಬಸ್ಸಿನಲ್ಲಿ ಪೀರಮ್ಮ ಎಂಬವಳು, ಗರುಡಾಚಾರ್‌ಪಾಳ್ಯ ಬರುವಷ್ಟರಲ್ಲಿ ಕಾರ್ಖಾನೆಯ ಫಾರಂ ತುಂಬುತ್ತೇನೆಂದು ಗೆಳತಿ ಕಾವೇರಿಗೆ ಮಾತು ಕೊಟ್ಟಿದ್ದಳು. ಫಾರಂನಲ್ಲಿದ್ದದ್ದು ಒಂದೇ ಪ್ರಶ್ನೆ: ಕೆಲಸದಿಂದ ತಲೆಗೆ ಎಷ್ಟು ಭಾರ? ಸೊನ್ನೆಯಿಂದ ಇಪ್ಪತ್ತರವರೆಗಿನ ಗೆರೆಯ ಮೇಲೆ ಗುರುತು ಹಾಕಬೇಕು. ಹಿಂದಿನ ಸೀಟಿನಲ್ಲಿ ಕಿವಿಯಾಗಿ ಕುಳಿತಿದ್ದ, ಕಾರ್ಖಾನೆಗೆ ಹೊಸಬಳಾದ ಪ್ರಿಯದರ್ಶಿನಿ ಮುಂದಕ್ಕೆ ಬಾಗಿ ಕೇಳಿದಳು:

“ಹೋದ್ಸಲ ಎಷ್ಟು ಹಾಕಿದ್ರಿ, ಪೀರಕ್ಕಾ?”

“ಎರಡು ಹಾಕಿದ್ನವಾ. ಇನ್ನೊಂದು ಮಿಷಿನ್ನೂ ನೀನೇ ನೋಡ್ಕೋ ಅಂದ್ರು.”

“ಅಯ್ಯೋ! ಹಾಗಾದ್ರೆ ಇಪ್ಪತ್ತು ಹಾಕಿ.”

“ನಮ್ ಜೋಡಿ ಕೆಲ್ಸಕ್ಕಿದ್ದ ಅಂಬ್ರೀನ್ ಹಾಕಿದ್ಲಲ್ಲ! ನಿನ್ ಕೈಲಾಗಲ್ಲ ಅಂತ ಮನೀಗೆ ಕಳಿಸಿದ್ರು.”

“ಹೋಗ್ಲಿ, ನಿಜವಾಗ್ಲೂ ಎಷ್ಟಿದೆ?”

“ಈ ಫಾರಂ ಕೈಗೆ ಬರೋತನಕ ಆರಿತ್ತು. ಈಗ ಹತ್ತೊಂಬತ್ತಾಗ್ಯದ.”

ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದ. ಪೀರಮ್ಮ ಕಣ್ಣು ಮುಚ್ಚಿ ಗೆರೆಯ ನಟ್ಟನಡುವೆ ಒಂದು ಗುರುತು ಗೀಚಿ, ಭಾರ ಇಳಿದವಳಂತೆ ಇಳಿದುಹೋದಳು.