ಹತ್ತನೆಯ ಆಳು

“ಒಂಬತ್ತು ಮಂದಿ ದುಡಿದ್ರ ಬರೀ ಮಿಲ್ಲು, ಹತ್ತು ಮಂದಿ ದುಡಿದ್ರ ಕಾರ್ಖಾನಿ ಅಂತ. ಇದ್ಯಾವ ಸೀಮಿ ಕಾಯ್ದಿ?”

ಕೊಟ್ಟೂರು ಬಸ್ ನಿಲ್ದಾಣದಲ್ಲಿ ಯಾರನ್ನೂ ನೋಡದೆ ಹೀಗೆ ಕೇಳಿದವರು ಶೇಂಗಾ ಮಿಲ್ಲಿನ ಉಜ್ಜಿನಪ್ಪ. ಅವರ ಮಿಲ್ಲಿನಲ್ಲಿ ದುಡಿಯುವ ಅಕ್ತರಬಿ ಪಕ್ಕದಲ್ಲೇ ನಿಂತಿದ್ದಳು. ಬಸ್ಸಿಗೆ ಕಾಯುತ್ತ ಅಲ್ಲೇ ಕೂತಿದ್ದ ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ ಪದ್ಯ ಅರ್ಧಕ್ಕೇ ನಿಂತಿತು.

“ಹನ್ನೊಂದಕ್ಕ ಕಾರ್ಖಾನಿ ಇನ್ಸ್‌ಪೆಕ್ಟರ್ ಬರ್ತಾನಬೇ. ಹಾಜರಿ ಪುಸ್ತಕದಾಗ ಒಂಬತ್ತೇ ಹೆಸರು ಅದಾವು. ನೀ ಹಂಪಸಾಗರಕ್ಕ ನಿಮ್ಮಕ್ಕನ ಮನಿಗೆ ಹೋಗಿ ಸಂಜಿಗೆ ಬಾ.”

“ಹೋದ ಸಲ ಹೊಳಲಿಗೆ ಕಳಿಸಿದ್ರಿ, ಅದರ ಹಿಂದ ಕೋಗಳಿಗೆ. ಇನ್ನೆರಡು ಸಲ ಇನ್ಸ್‌ಪೆಕ್ಟರ್ ಬಂದ್ರ ನಾ ಜಿಲ್ಲಾ ಪೂರಾ ನೋಡಿರ್ತೀನ್ರಿ.”

“ನಗಬ್ಯಾಡ. ನಿನ್ನ ಕಂಡ್ರ ಮಿಲ್ಲಿಗೆ ಬೀಗ ಹಾಕಿಸ್ತಾನ.”

“ಹಂಗಾರ ನನ್ನ ಹೆಸರೂ ಬರೀರಿ.”

“ಬರದ್ರ ಲೈಸೆನ್ಸು, ಕಟ್ಟಡದ ನಕಾಶಿ, ನೂರೆಂಟು ಫಾರಂ. ನನ್ನಂಥ ಸಣ್ಣಾವ ಎಲ್ಲಿ ಸಾಯ್ಲಿ?”

“ನನಗಿಂತ ಮೊದಲು ಮಿಲ್ಲಿನಾಗ ದುಡೀತಿದ್ದ ಅನ್ನದಾನಮ್ಮನ ಕೈ ಮಿಷನ್ನಿನ ಬೆಲ್ಟಿಗೆ ಸಿಕ್ಕಾಗ ಪುಸ್ತಕದಾಗ ಆಕಿ ಹೆಸರಿತ್ತು, ಪರಿಹಾರ ಬಂತು. ಈಗ ಅದ ಬೆಲ್ಟಿನ ಮುಂದ ನಾ ನಿಂದರ್ತೀನ್ರಿ. ನನ್ನ ಕೈ ಸಿಕ್ರ, ಈಕಿ ಯಾರೋ ಗೊತ್ತಿಲ್ಲ ಅಂತೀರೇನು?”

ಉಜ್ಜಿನಪ್ಪ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. ಅಷ್ಟರಲ್ಲಿ ಹಂಪಸಾಗರದ ಬಸ್ಸು ಬಂದು ನಿಂತಿತು.

“ಇದೊಂದು ಸಲ ಹೋಗವ್ವಾ, ಕೈ ಮುಗೀತೀನಿ.”

ಅಕ್ತರಬಿ ಸೆರಗು ಬಿಗಿದುಕೊಂಡು ಮಿಲ್ಲಿನ ದಾರಿಗೆ ತಿರುಗಿದಳು.

“ಇವತ್ತು ನಾ ಎಲ್ಲಿಗೂ ಹೋಗಂಗಿಲ್ರಿ ಸಾವ್ಕಾರ್ರ. ಕೆಲಸಕ್ಕ ಹೊಂಟೀನಿ.”